ಪಾಳಿ

ಎಡದಂಡೆ ಕಾಲುವಿ ಬಂದಾದ ವಾರ
ಪೇಂಟಿನ ಡಬ್ಬಿಯಾಗ ನೀರು ತುಂಬಿ
ಪಾಮಣ್ಣ ತಂದ, ಮೊಣಕೈ ಉದ್ದದ ಒಂದು ಕೊರಮೀನ.
'ಮನ್ಯಾಗಿಟ್ರ ಅವ್ವ ಸಾರು ಮಾಡ್ತಾಳ ಮಾಮಾ,
ನಿನ್ನಂತೇಕ ಇರಲಿ.'
ಇಟ್ಟೆ. ಗಿರಾಕಿ ಕೂಡೋ ಬೆಂಚಿನ ತುದಿಗೆ
ಬಂಗಾರ ಬಣ್ಣದ ಮೀನು ಸತ್ತು ಖಾಲಿ ಉಳಿದ ಗಾಜಿನ ಪೆಟ್ಟಿಗಿ.
ಮ್ಯಾಲ ಹಲಗಿ, ಹಲಗಿ ಮ್ಯಾಲ ಕಲ್ಲು,
ಜಿಗಿಯೋ ಜಾತಿ ಅದು.

ನನ್ನದು ಹಿರೇಜಂತಕಲ್ಲಿನ ಮೂಲಿ ಅಂಗಡಿ,
ಎದುರಾಬದುರ ಎರಡು ಕನ್ನಡಿ.
ಕುರ್ಚಿಯಾಗ ಕುಂತವಗ ತಾನು, ತನ್ನ ಹಿಂದ ತಾನು,
ಹಿಂದಿನವನ ಹಿಂದ ಇನ್ನೊಬ್ಬ ತಾನು,
ಸಣ್ಣಾಗಿ ಸಣ್ಣಾಗಿ ನುಚ್ಚಕ್ಕಿಯಷ್ಟಾಗಿ
ಹಸಿರು ಬೆಳಕಿನಾಗ ಕರಗಿಹೋಗೋತನ ಕಾಣ್ತಾನ.
ಮೀನಿಗೂ ಹಂಗ ಕಂಡಿರಬೇಕು.

ಮೊದಲ ದಿನ ಜಗಳ.
ಗಾಜಿಗೆ ಹಾಯ್ದು ಹಾಯ್ದು ತುಟಿ ಕಿತ್ತು
ನೀರಾಗ ರಕ್ತದ ಎಳಿ.
ವೈರಿ ಒಬ್ಬನಾದ್ರ ಹೊಡೀಬಹುದು,
ಇದು ಸಾಲುಗಟ್ಟಿ ನಿಂತ ದಂಡು.
ನೋಡಲಾರದ ಟವೆಲ್ ಇಳಿಬಿಟ್ಟೆ.

ಒಂಬತ್ತನೇ ದಿನ ಯಾರದೋ ಕೊರಳಿಗೆ ಟವೆಲ್ ಬೇಕಾತು.
ಮೀನ ಬಡಿದಾಡಲಿಲ್ಲ.
ಬಾಲ ಅಲ್ಲಾಡಿಸಿತು, ಅದೂ ಅಲ್ಲಾಡಿಸಿತು.
ಪಕ್ಕೆ ತೋರಿಸಿತು, ಹಿಂದಕ ಸರೀತು,
ತಲಿ ಕೆಳಗ ಮಾಡಿ ನಿಂತಿತು.
ಕೊರಮೀನ ಹಂಗ ನಿಂತದ್ದು
ನಾ ಯಾವ ಕೆರಿಯಾಗೂ ಕಂಡಿಲ್ಲ.
ಕಂಡದ್ದು ಇದ ಕುರ್ಚಿಯಾಗ,
ಹೊಸ ಕಟಿಂಗಿನ ಹುಡುಗರು ಒಂದು ಹುಬ್ಬು ಏರಿಸಿ
ಗದ್ದ ಆಕಡಿ ಈಕಡಿ ತಿರುವಿ
ಇವ ನಾನ ಹೌದೋ ಅಲ್ಲೋ ಅಂತ ನೋಡ್ತಾರಲ್ಲ,
ಕಿಸೇದಾಗಿನ ರೊಕ್ಕ ತೆಗಿಯೂಕ ಮೊದಲ.

'ಅದರ ಹಣಿಗೆ ಒಂದು ಸುಣ್ಣದ ಬೊಟ್ಟು ಇಡೂಣ ಮಾಮಾ,
ಕನ್ನಡಿ ನೋಡಿ ಒರೆಸಿಕೊಂಡ್ರ
ಅದಕ ತನ್ನ ಗುರ್ತು ಐತಿ ಅಂತ,
ಶಹೀನಾ ಟೀಚರ್ ಹೇಳ್ಯಾರ.'
ಸುಣ್ಣ ಸುಡತೈತಿ, ಬ್ಯಾಡ, ಅಂದೆ.
ಪರೀಕ್ಷಾ ಬರಿಯಾಕ ಅದೇನು ಫೀಸು ಕಟ್ಟೇತೇನು?

ಅಷ್ಟರಾಗ ಹುಸೇನಪ್ಪ ಬಂದ, ರೈಸ್ ಮಿಲ್ಲಿನ ಹಮಾಲಿ.
ಹುಬ್ಬಿನಾಗ ಭತ್ತದ ಹೊಟ್ಟು ಹಂಗ ಕುಂತೈತಿ.
ಕನ್ನಡಿ ನೋಡಿದ. ನೋಡೇ ನೋಡಿದ.
'ಮೀಸಿ ಸ್ವಲ್ಪ ಸಣ್ಣ ಮಾಡು,' ಅಂದ.
ಪಾಮಣ್ಣ ನನ್ನ ಕಿವ್ಯಾಗ: 'ಮಾಮಾ, ಇವ ಫೇಲು.'

ಮುಂದಿನದನ್ನ ಪಾಮಣ್ಣ ಕಾಣಲಿಲ್ಲ, ಚಾ ತರಾಕ ಹೋಗಿದ್ದ.
ಮೀನ ನನಗ ಬೆನ್ನು ಮಾಡಿ ಕನ್ನಡಿ ಕಡಿ ನಿಂತಿತ್ತು.
ಎಡಗೈಲೆ ಎರಿಹುಳದ ಡಬ್ಬಿ ಮುಟ್ಟಿದೆ, ಸಪ್ಪಳಿಲ್ಲದ.
ಕನ್ನಡಿಯಾಗಿನವನೂ ಮುಟ್ಟಿದ.
ಮೀನ ಅವನ ಕಡಿ ಹೋಗಲಿಲ್ಲ.
ಅವನನ್ನ ಒಂದು ಸಲ ನೋಡಿ,
ಪೂರಾ ಹೊಳ್ಳಿ,
ಬೆವರು ನಾರೋ ಈ ನನ್ನ ಕಡಿಗೆ ಬಂತು.

ಕತ್ತಿ ಹುಸೇನಪ್ಪನ ಗಂಟಲ ಮ್ಯಾಲ ನಿಂತುಬಿಡ್ತು.

ಮೂವತ್ತೊಂದು ವರ್ಷ ಕನ್ನಡಿ ಮುಂದ ನಿಂತೀನಿ.
ಸಾವಿರ ಮಾರಿ ಕಂಡೀನಿ ಅದರಾಗ,
ಎಲ್ಲಾದರ ಹಿಂದ ಒಂದು ಮಾರಿ ಇರತಿತ್ತು
ಮಳಿಗಿಯ ಗೋಡಿ ಇದ್ದಂಗ, ಗೋಡಿಗೆ ಕ್ಯಾಲೆಂಡರ್ ಇದ್ದಂಗ.
ಹೊಳ್ಳಿ ನೋಡಿದೆ.
ಕಿವಿ ಮ್ಯಾಲ ಯಾರದೋ ಬಿಳಿ ಕೂದಲ ಹತ್ತಿತ್ತು.
ಹೆಬ್ಬೆರಳಿಲೆ ಒರೆಸಿಕೊಂಡೆ, ಬರಲಿಲ್ಲ.
ಮತ್ತೊಮ್ಮೆ ತಿಕ್ಕಿದೆ.
ಅದು ನನ್ನದ.

'ಏನ್ ನಿಂತಿ?' ಅಂದ ಹುಸೇನಪ್ಪ, ಕಣ್ಣು ತೆಗೆದು.
ಆಮ್ಯಾಲ ಪೆಟ್ಟಿಗಿ ಕಡಿ ನೋಡಿ,
'ಕೊರಮೀನ ಏನ್ ಕೊಡ್ತಿ? ಮೈಗೆ ಭಾಳ ಚಲೋ ಅದು.
ಸಂತ್ಯಾಗ ಕೇಜಿಗೆ ನಾನೂರ ಐತಿ.'

ಅವನ ಹುಬ್ಬಿನ ಹೊಟ್ಟು ಬೆರಳಿಲೆ ತೆಗೆದೆ.
ಅದು ಮಾರೂದಲ್ಲ, ಅಂದೆ.
ಪಾಳಿಗೆ ಕುಂತೈತಿ.