ಮೋಟೆಬೆನ್ನೂರಿನ ಠಸ್ಸೆ

ಹಗಲೆಲ್ಲ ನನ್ನ ಕೆಲಸ ಹರಾಜು ಮುಗಿಸುವುದು.
ಬ್ಯಾಡಗಿಯ ಮಾರುಕಟ್ಟೆ, ಟೆಂಡರ್ ವಿಭಾಗ, ಮೂರನೆಯ ಕಂಪ್ಯೂಟರು.
ಹೊರಗೆ ಚೀಲದ ಬಾಯಿ ಬಿಚ್ಚಿಕೊಂಡು ಕೂತ ಕೆಂಪು,
ಒಳಗೆ ಸೀನು.
ಮುಳ್ಳು ಗಂಟೆ ಮುಟ್ಟಿದ್ದೇ ತಡ ಗುಂಡಿ ಒತ್ತುತ್ತೇನೆ.
ಆಮೇಲೆ ಬಂದ ದರ, ದೇವರದಾದರೂ, ಒಳಗೆ ಬರುವಂತಿಲ್ಲ.

ಖರೀದಿದಾರ ಸಂಕಣ್ಣ ಹಂಜಿ ಒಂದು ಕಾಯಿ ಮುರಿದು
ತೊಟ್ಟು ನೋಡಿ, ಬೀಜ ನೋಡಿ, ಸುಕ್ಕನ್ನು ಬೆರಳಲ್ಲಿ ಓದಿ
ಒಮ್ಮೆ ನನಗೆ ಹೇಳಿದ್ದ:
“ಕಾಯಿ ನೋಡಿ ದರಾ ಹಾಕಬೇಕ್ರಿ ಸಾಹೇಬ್ರ,
ಬಾಜೂದವನ ಮಾರಿ ನೋಡಿ ಅಲ್ಲ.”
ನಾನು ತಲೆಯಾಡಿಸಿದ್ದೆ.
ತಲೆಯಾಡಿಸುವುದಕ್ಕೆ ಖರ್ಚಿಲ್ಲ.

ರಾತ್ರಿ ಹತ್ತೂವರೆ. ಸುನಂದಾ ಮಗ್ಗಲು ಬದಲಿಸಿದಳು.
ಅಡಿಗೆಮನೆಯಲ್ಲಿ ನಿಂತು, ಫೋನಿನ ಬೆಳಕು ತಗ್ಗಿಸಿ
ಒಂದು ಅಂಚೆಕಾರ್ಡನ್ನು ದಿಟ್ಟಿಸುತ್ತೇನೆ.
ಹಳದಿಗಿಂತ ಹಳೆಯದಾದ ಒಂದು ಬಣ್ಣ,
ಮೂಲೆಗೆ ಎಣ್ಣೆಯ ಕಲೆ, ಗದಗಿನ ಒಂದು ಅಡತಿ ಅಂಗಡಿಯ ವಿಳಾಸ,
ಮೇಲೆ ದುಂಡಗೆ, ಅರ್ಧ ಅಳಿಸಿದ ಮಸಿಯಲ್ಲಿ
ಮೋಟೆಬೆನ್ನೂರು, ಹತ್ತೊಂಬತ್ತುನೂರಾ ಐವತ್ತೇಳು.

ಆ ಊರು ನನ್ನ ಬೈಕಿಗೆ ಹತ್ತು ನಿಮಿಷ.
ಅಲ್ಲಿಯ ಅಂಚೆಯವರು ಇವತ್ತೂ
ಐವತ್ತು ಪೈಸೆಯ ಕಾರ್ಡಿಗೆ ಹೊಸ ಠಸ್ಸೆ ಒತ್ತಿ ಕೊಡುತ್ತಾರೆ,
ಬೇಕಾದರೆ ಎರಡು ಸಲ.

ಇನ್ನೂರರಿಂದ ಶುರು. ನನ್ನ ಮಿತಿ ಆರುನೂರು
ಎಂದು ಹಾಲಿನ ಲೆಕ್ಕದ ಕ್ಯಾಲೆಂಡರಿನ ಅಂಚಿಗೆ ಬರೆದಿದ್ದೆ.
ಬರೆದರೆ ಮಿತಿ ಗೋಡೆಯಾಗುತ್ತದೆಂಬ ನಂಬಿಕೆ.
ಆರುನೂರ ಐವತ್ತು ಎಂದ ಒಬ್ಬ. ಹೆಸರಿಲ್ಲ,
ಒಂದು ‘ಕ’, ಮೂರು ಚುಕ್ಕಿ, ಒಂದು ಏಳು.

ಯಾರವನು? ಪುಣೆಯ ನಿವೃತ್ತ ಡಾಕ್ಟರೋ,
ರಾಣೆಬೆನ್ನೂರಿನ ಪಂಪ್‌ಸೆಟ್ ಅಂಗಡಿಯವನೋ,
ನನ್ನ ಹಾಗೇ ಯಾರದೋ ನಿದ್ದೆ ಕೆಡದಂತೆ
ಒಲೆಯ ಕಟ್ಟೆಗೆ ಸೊಂಟ ಆನಿಸಿ ನಿಂತವನೋ.
ಅವನು ಬರುವ ತನಕ
ಕಾರ್ಡು ನನಗೆ ಇಷ್ಟವಾಗಿತ್ತು, ಅಷ್ಟೇ.
ಅವನು ಬೇಕೆಂದ ಕೂಡಲೇ ಅದು ನನ್ನದಾಗಿತ್ತು,
ಯಾರೋ ನನ್ನ ಕಿಸೆಗೆ ಕೈ ಹಾಕಿದ್ದರು.

ಎಂಟುನೂರು. ಒಂಬೈನೂರು.
ನಲವತ್ತು ಸೆಕೆಂಡು.
ಗುಂಡಿ ಒತ್ತುವ ಹಗಲಿನ ಆ ನಿಷ್ಠುರದವ ಎಲ್ಲಿ ಹೋದ?
ಸಾವಿರದ ನೂರು.
ಹೆಬ್ಬೆರಳು ಬೆವರಿ ಗಾಜು ಮಾತು ಕೇಳುತ್ತಿಲ್ಲ,
ಬನಿಯನ್ನಿಗೆ ಒರೆಸಿ ಮತ್ತೆ
ಸಾವಿರದ ನಾನೂರು.
ಆ ಕಡೆ ಸದ್ದಿಲ್ಲ.

ಗೆದ್ದಿರಿ, ಅಂತು ಫೋನು. ಪರದೆಯ ತುಂಬ ಬಣ್ಣದ ಚೂರು ಉದುರಿದವು.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ಚುಕ್ಕಿಯವನು ಈಗ ಹಾಯಾಗಿ ಮಲಗಿರಬೇಕು
ಎಂದು ಹೊಳೆಯಿತು, ಸ್ವಲ್ಪ ತಡವಾಗಿ.

ಒಂಬತ್ತು ದಿನಕ್ಕೆ ಬಂತು, ಆಫೀಸಿನ ವಿಳಾಸಕ್ಕೆ, ಮನೆಗಲ್ಲ.
ಹಿಂಬದಿಯನ್ನು ಮಾರುವವ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.
ಊಟದ ಡಬ್ಬಿ ಸರಿಸಿ ಓದಿದೆ. ಮೊಳೆ ಹೊಡೆದಂಥ ಅಕ್ಷರ:

“ವಿನಂತಿ ವಿಶೇಷ. ಕಾಯಿಯ ದರ ಹುಚ್ಚು ಹಿಡಿದಂತೆ ಏರಿದೆ.
ಮಂದಿ ಕೊಳ್ಳುತ್ತಾರೆಂದು ತಾವು ಕೊಳ್ಳಬಾರದು.
ಒಂದು ವಾರ ತಡೆಯುವದು.
ನನ್ನ ಛತ್ರಿ ತಮ್ಮ ಪಡಸಾಲೆಯಲ್ಲಿ ಮರೆತು ಬಂದಿರುವೆ,
ಹಿತ್ತಾಳೆ ಹಿಡಿಕೆಯದು.
ಯಾರ ಸಂಗಡವಾದರೂ ಕಳಿಸುವದು.”

ನಗು ತಡೆಯಲಾಗದೆ ಕಣ್ಣಲ್ಲಿ ನೀರು.
“ಏನಾತ್ರೀ?” ಎಂದಳು ಪಕ್ಕದ ಮೇಜಿನ ಫಕೀರವ್ವ.
“ಘಾಟು” ಎಂದೆ. ಈ ಊರಲ್ಲಿ ಯಾವುದಕ್ಕೂ ನಡೆಯುವ ಕಾರಣ.

ದರದ ಮಾತು ಸಂಜೆಯೊಳಗೆ ಮರೆತುಹೋಯಿತು.
ಉಳಿದದ್ದು ಛತ್ರಿ.
ಮುಟ್ಟಿತೋ ಇಲ್ಲವೋ? ಗದಗಿನವರು ಉತ್ತರ ಬರೆದಿರಲೇಬೇಕು.
ಬರೆದದ್ದು ಎಲ್ಲೋ ಇರಲೇಬೇಕು.
ಇದ್ದದ್ದು ಒಂದಲ್ಲ ಒಂದು ರಾತ್ರಿ ಮಾರಾಟಕ್ಕೆ ಬರಲೇಬೇಕು.

ಗದಗ, ಐವತ್ತೇಳು, ಎಂದು ಒತ್ತಿದೆ.
ಒಂದು ಇದೆ. ಠಸ್ಸೆ ಮಸುಕು. ಮೂರು ತಾಸು ಬಾಕಿ.
ಆಗಲೇ ಒಬ್ಬ ಕೂತಿದ್ದಾನೆ:
‘ಕ’, ಮೂರು ಚುಕ್ಕಿ, ಏಳು.

“ಕತ್ತಲ್ಯಾಗ ಏನ ಹುಡುಕಾಕತ್ತೀರಿ?” ಒಳಗಿಂದ ಸುನಂದಾ.
“ಛತ್ರಿ” ಎಂದೆ.
ಸ್ವಲ್ಪ ಹೊತ್ತು ಬಿಟ್ಟು,
“ಇಂಥಾ ಬ್ಯಾಸಗ್ಯಾಗ?”