ಕಲ್ಲಿನ ಮೇಲೆ ನಲವತ್ತು

ವಿರಾಜಪೇಟೆಯಲ್ಲಿ ನನ್ನದು ಮರಿಕೋಳಿ ಅಂಗಡಿ.
ಶಾಖದ ವಿಷಯ ನನ್ನನ್ನು ಕೇಳಿ:
ಮೊದಲ ವಾರ ಮೂವತ್ತೈದು, ಆಮೇಲೆ ವಾರಕ್ಕೆ ಮೂರು ಕಮ್ಮಿ;
ಬಲ್ಬಿನಡಿ ಒತ್ತೊತ್ತಿ ಕೂತರೆ ಚಳಿ,
ಗೋಡೆಗಂಟಿ ಬಾಯಿ ಬಿಟ್ಟರೆ ಸೆಕೆ.
ಇಪ್ಪತ್ತೆರಡು ವರ್ಷದ ಓದು ಇಷ್ಟೇ.

ಜನವರಿಯ ಒಂದು ಬೆಳಿಗ್ಗೆ ದೇಚು ಬಂದಳು,
ಸ್ವೆಟರಿನೊಳಗೆ ಏನೋ ಮಿಸುಕುತ್ತಿತ್ತು.
ತೆಗೆದರೆ ಓತಿ.
ಬೇಲಿಯ ಮೇಲೆ ತಲೆ ಕುಣಿಸುವ ನಮ್ಮದಲ್ಲ,
ಆಸ್ಟ್ರೇಲಿಯಾದ್ದಂತೆ: ಗಂಟಲ ತುಂಬ ಮುಳ್ಳುಗಡ್ಡ,
ಪೆನ್ಷನ್ ತಡವಾದವರ ನೆಟ್ಟ ನೋಟ.
‘ಸುಬೇದಾರ’ ಅಂತ ಪರಿಚಯಿಸಿದಳು.
‘ಮೂರು ದಿನದಿಂದ ಏನೂ ತಿಂದಿಲ್ಲ.
ಎಷ್ಟು ಡಿಗ್ರಿ ಇಡಲಿ, ಸೆವ್ರಿನಕ್ಕ?’

ಅವನ ಮರಳುಗಾಡನ್ನು ನಾನು ಕಂಡವಳೇ?
ಇಲ್ಲಿ ಹತ್ತು ಗಂಟೆಗೂ ಮಂಜು ಮುಗಿದಿರುವುದಿಲ್ಲ.
ಹೋಗಿ ನೋಡಿದೆ. ಅವಳಪ್ಪ ಇಡೀ ಗಾಜಿನ ಪೆಟ್ಟಿಗೆಗೆ
ಒಂದೇ ಹದ ಕೊಟ್ಟಿದ್ದರು, ಮೂಲೆಮೂಲೆಗೂ ಇಪ್ಪತ್ತೆಂಟು,
ನೆಂಟರಿಗೆ ಬೆರೆಸಿಟ್ಟ ಸ್ನಾನದ ನೀರಿನ ಹಾಗೆ.
ಪಾಪ, ಪ್ರೀತಿಯಿಂದಲೇ.
ಆದರೆ ಇವನಿಗೆ ತಿಂದದ್ದು ಕರಗಲು ಸುಡುವ ಕಲ್ಲು ಬೇಕು,
ಆ ಕಲ್ಲಿನಿಂದ ಓಡಿಹೋಗಲು ಜಾಗವೂ ಬೇಕು.

ಎಲೆಕ್ಟ್ರಿಷನ್ ಹಂಸಾಕ ಒಂದು ತುದಿಗೆ ಬಲ್ಬು ಕಟ್ಟಿದರು,
ಹಳೆಯ ಫ್ಯಾನಿನ ರೆಗ್ಯುಲೇಟರು ಜೋಡಿಸಿ.
ಕದನೂರು ಹೊಳೆಯಿಂದ ಚಪ್ಪಟೆ ಕಲ್ಲು ಬಂತು.
ನೇತುಹಾಕಿದ ಥರ್ಮಾಮೀಟರು ಮೂವತ್ಮೂರು ಅಂದಿತು.
ನನಗೆ ನಂಬಿಕೆ ಬರಲಿಲ್ಲ.
ಗಾಳಿಯ ಮಾತು ಬೇರೆ, ಹೊಟ್ಟೆಗೆ ತಾಗುವ ಕಲ್ಲಿನ ಮಾತೇ ಬೇರೆ.

ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದೆವಲ್ಲ, ಆ ಪಿಸ್ತೂಲು,
ಗಲ್ಲಾಪೆಟ್ಟಿಗೆಯ ತಳದಲ್ಲಿತ್ತು. ಸೆಲ್ ಬದಲಿಸಿ ಕಲ್ಲಿಗೆ ಹಿಡಿದರೆ
ಕೆಂಪಾಗಿ ಕಿರುಚಿತು, ಕಲ್ಲಿಗೇ ಜ್ವರವೆಂಬಂತೆ.
ಬಲ್ಬನ್ನು ಎರಡು ಬೆರಳು ಮೇಲೆತ್ತಿದೆವು.
ಇನ್ನೊಂದು ಬೆರಳು.
ನಲವತ್ತೆರಡು. ನಲವತ್ತೊಂದು. ನಲವತ್ತು.
ನೀರಿನ ಬಟ್ಟಲಿನ ಕಡೆ ಇಪ್ಪತ್ತೈದೇ ಇರಲಿ ಅಂದೆ.

ಸುಬೇದಾರ ಕಲ್ಲು ಹತ್ತಿದ.
ರೊಟ್ಟಿಯ ಹಾಗೆ ಮೈ ಹರಡಿ ಕಪ್ಪಾಗುತ್ತಾ ಹೋದ.
ಕಾಲು ಗಂಟೆಗೆ ಬಾಯಿ ತೆರೆದ, ಇಳಿದ,
ತಂಪಿನ ತುದಿಗೆ ನಡೆದು ಗೋಡೆಗೆ ಗಡ್ಡವೊರಗಿಸಿದ.
ಮತ್ತೆ ಹತ್ತಿದ.
ಹಂಸಾಕ ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ನೋಡುತ್ತಿದ್ದರು:
‘ಇವನೇ ಥರ್ಮೋಸ್ಟ್ಯಾಟ್. ನಾನ್ಯಾಕೆ ಬಂದೆ?’
ಬಿಲ್ಲು ಮಾತ್ರ ಬರೆದರು, ಮುನ್ನೂರ ಇಪ್ಪತ್ತು.

ಸಂಜೆ ನಾಲ್ಕಕ್ಕೆ ಆರು ಹುಳ ತಿಂದನಂತೆ.
ನಾಲ್ಕೂವರೆಗೆ ಕರೆಂಟು ಹೋಯಿತು.

ಫೋನಿನಲ್ಲಿ ದೇಚುವಿನ ಉಸಿರು:
‘ಎದೆಗೆ ಅವಚಿಕೊಂಡಿದ್ದೀನಿ. ನನ್ನ ಮೈ ಎಷ್ಟು ಡಿಗ್ರಿ, ಸೆವ್ರಿನಕ್ಕ?’
ಮೂವತ್ತೇಳು, ಅಂದೆ.
‘ಮೂರು ಕಮ್ಮಿ.’
ಕಮ್ಮಿಯೇ.
‘ಸಾಲದಲ್ವ?’
ಏನು ಹೇಳಲಿ? ನನ್ನ ಮರಿಗಳೂ ಕತ್ತಲಲ್ಲಿ
ಒಂದರ ಕೆಳಗೊಂದು ನುಗ್ಗತೊಡಗಿದ್ದವು.
ಕರಗಿಸಲು ಸಾಲದು ದೇಚು, ಅಂದೆ,
ಕಾಯಲು ಸಾಕು.

ಆಮೇಲೆ ಯಾಕೋ ಪಿಸ್ತೂಲನ್ನು
ನನ್ನ ಹಣೆಗೇ ಹಿಡಿದು ನೋಡಿದೆ.