ಒಂದು ಚಿಟಿಕೆ ಸುಣ್ಣ

ಇಳಿತದ ಹೊತ್ತು. ಅಘನಾಶಿನಿ ಮೊಣಕಾಲಿಗೆ ಬಂದಿತ್ತು.
ಕಾಲ್ಬೆರಳಲ್ಲಿ ಕೆಸರು ಕೆದಕಿ ಬೆಳಚು ಹುಡುಕುತ್ತಿದ್ದೆ,
ಎಡಗೈ ತಾನಾಗಿಯೇ ಅದುರತೊಡಗಿತು
ಗಾಳ ನುಂಗಿದ ಮೀನಿನ ಹಾಗೆ.
ಆಮೇಲಿನದು ನನಗೆ ಗೊತ್ತಿಲ್ಲ.
ಬುಟ್ಟಿ ತೇಲಿಹೋಯಿತಂತೆ. ಜುಟ್ಟು ಹಿಡಿದು
ದಡಕ್ಕೆ ಎಳೆದವಳು ತಿಮ್ಮಕ್ಕ,
ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟವಳು.

ಕಾರವಾರದಲ್ಲಿ ಕೊಳವೆಯೊಳಗೆ ಮಲಗಿಸಿದರು.
ಕರಿ ಹಾಳೆ ಕಿಟಕಿಗೆ ಹಿಡಿದರೆ
ಹುಣಸೆಬೀಜದಷ್ಟು ಬಿಳಿ,
ಮಿದುಳಿನ ಪೊರೆಗೆ ಅಂಟಿಕೊಂಡು.
ಗಡ್ಡೆ ಅಂದರು. ಆ ರಾತ್ರಿ ಮನೆಯಲ್ಲಿ
ಯಾರೂ ಮೀನು ಹುರಿಯಲಿಲ್ಲ.
ನಾದಿನಿ ನನ್ನ ಬಳೆ ನೋಡುತ್ತ ಕೂತಳು.

ಬಾಂಬೋಳಿಯಲ್ಲಿ ತೆರೆದು, ಕೆರೆದು,
ಚೂರನ್ನು ಬಾಟಲಿಯಲ್ಲಿ ಎಲ್ಲಿಗೋ ಕಳಿಸಿ
ಹನ್ನೊಂದು ದಿನ.
ಹನ್ನೆರಡನೆಯ ದಿನ ದೊಡ್ಡ ಡಾಕ್ಟರು ನಗುತ್ತ ಬಂದರು,
ಹಿಂದೆ ಏಳೆಂಟು ಹುಡುಗ ಹುಡುಗಿಯರು.
"ಕ್ಯಾನ್ಸರಲ್ಲ. ಹರಡುವುದಿಲ್ಲ. ಬರೀ ಸುಣ್ಣ.
ಮೂವತ್ತು ವರ್ಷದಲ್ಲಿ ನಾನು ಕಂಡದ್ದು ಇದು ಎರಡನೆಯದು."
ಅವರ ದನಿಯಲ್ಲಿ
ಬಲೆಗೆ ಇಸ್ವಾಣ ಬಿದ್ದವನ ಖುಷಿ.

ಯಾಕೆ ಬಂತು? ಗೊತ್ತಿಲ್ಲವಂತೆ.
"ಚಿಪ್ಪಿಯೊಳಗೆ ಮುತ್ತು ಕಟ್ಟಿದ ಹಾಗೆ ಅಂದ್ಕೊಳ್ಳಿ, ಅಮ್ಮ."
ನಲವತ್ತು ವರ್ಷ ಚಿಪ್ಪಿ ಬಿಡಿಸಿದ್ದೇನೆ ಡಾಕ್ಟ್ರೇ,
ಮುತ್ತು ಒಂದೂ ಸಿಕ್ಕಲಿಲ್ಲ.
ಮಾಂಸ ಮಾರಿದೆ. ಚಿಪ್ಪಿ ಗೂಡಿಗೆ ಹೊತ್ತೆ.
ಇದ್ದಿಲಿನ ಜೊತೆ ಪದರ ಪದರವಾಗಿ ಸುಟ್ಟು
ನೀರು ಚಿಮುಕಿಸಿದೆ;
ಚುಸ್ಸೆಂದು ಅರಳಿ ಹಿಟ್ಟಾಗುವ ಆ ಬಿಳಿಯನ್ನು
ಇನ್ನೊಬ್ಬರ ಗೋಡೆಗೆ, ಇನ್ನೊಬ್ಬರ ಎಲೆಗೆ ಅಳೆದು ಕೊಟ್ಟೆ.
ನನ್ನ ಪಾಲು ಎಲ್ಲಿ ಹೋಯಿತೆಂದು ಈಗ ತಿಳಿಯಿತು.

ಊರಿಗೆ ಬಂದರೆ, ನೋಡಲು ಬಂದವರಿಗೇ ಪೇಚು:
ಅಳಬೇಕೋ, ಬಾಳೆಹಣ್ಣು ಕೊಟ್ಟು ಏಳಬೇಕೋ.
ಕಾಯಿಲೆಯ ಹೆಸರು ಕೇಳಿದರು. ಕಾಗದದಲ್ಲಿದ್ದದ್ದು
ದಿಬ್ಬಣದಷ್ಟು ಉದ್ದ. ಸುಣ್ಣ, ಅಂದೆ.
"ಸುಣ್ಣವಾ?" ತಿಮ್ಮಕ್ಕ ಎಲೆಯ ಡಬ್ಬಿ ಮುಂದೆ ಸರಿಸಿದಳು,
"ಹಾಗಾದ್ರೆ ನಿಂದೇ ತೆಗಿ ಮಾರಾಯ್ತಿ, ನನ್ನ ಭರಣಿ ಖಾಲಿ."
ಎರಡು ವರ್ಷದ್ದು ಒಟ್ಟಿಗೇ ನಕ್ಕೆವು.
ಹೊಲಿಗೆ ಜಗ್ಗಿತು.

ಒಂದು ಚೂರು ಇನ್ನೂ ಒಳಗಿದೆ.
ನರಕ್ಕೆ ಕಚ್ಚಿಕೊಂಡಿತ್ತಂತೆ, ಬಿಟ್ಟರು.
ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು.
ನೀರಿಗಿಳಿಯಬೇಡ ಅಂದಿದ್ದಾರೆ;
ದಂಡೆಯಲ್ಲಿ ಕೂತು ಇಳಿತ ನೋಡುತ್ತೇನೆ.

ತಮ್ಮನ ಮಗ ಹಮ್ಮಣ್ಣನಿಗೆ ಹೇಳಿಟ್ಟಿದ್ದೇನೆ:
ನನ್ನ ಸುಟ್ಟ ಮೂರನೆಯ ದಿನ
ಬೂದಿಗೆ ನೀರು ಹೊಯ್ಯುವಾಗ
ತಲೆಯ ಕಡೆ ಸಣ್ಣಗೆ ಚುಸ್ಸೆಂದರೆ
ಓಡಬೇಡ.
ಗೂಡಿನ ಬದಿಗೇ ಬೆಳೆದವನು ನೀನು,
ಆ ಸದ್ದು ನಿನಗೆ ಗೊತ್ತು.